ಓನರಮ್ಮನ ರಕ್ತದಲ್ಲಿ ಸೊನ್ನೆ

ನಾನು ಆ ಮನೆಗೆ ಬಾಡಿಗೆಗೆ ಹೋದಾಗ ಓನರಮ್ಮನಿಗೆ ಎರಡೂ ಕಿಡ್ನಿಗಳಿದ್ದವು. ಅವುಗಳಲ್ಲಿ ಒಂದು ಆಗಲೇ ಕೆಟ್ಟಿದ್ದಿರಬೇಕು ಎಂದು ಡಾಕ್ಟರು ಹೇಳಿದ್ದು ಎಷ್ಟೋ ಆಮೇಲೆ. ಆ ದಿನ ಮಾತ್ರ ಅವರು ಮೆಟ್ಟಿಲಿನ ಬುಡದಲ್ಲಿ ಗಟ್ಟಿಮುಟ್ಟಾಗಿ ನಿಂತು, ನನ್ನ ಮಂಚದ ಕಾಲು ಗೋಡೆಗೆ ತಗುಲದಂತೆ ಕಾವಲು ಕಾಯುತ್ತಿದ್ದರು.

"ಬಣ್ಣ ಒಡ್ಸಿ ಇನ್ನೂ ತಿಂಗ್ಳಾಗಿಲ್ಲ ಕಣ್ ಮಗಾ, ಮೆಲ್ಲಕ್ಕೆ ಎತ್ಕೊಂಡೋಗು" ಎಂದರು.

ಇದು ಎರಡು ಸಾವಿರದ ಹತ್ತರ ಆಚೀಚಿನ ಮಾತು. ನನ್ನ ತಂದೆತಾಯಿ ಇದ್ದದ್ದು ಜಾಲಹಳ್ಳಿಯಲ್ಲಿ. ಅಪ್ಪ ಅಲ್ಲಿನ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನಾನು ಜೀವವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ವೈಟ್‌ಫೀಲ್ಡಿನ ಒಂದು ಲ್ಯಾಬಿಗೆ ಸೇರಿದ್ದೆ. ಊರಿನ ಆ ತುದಿಯಿಂದ ಈ ತುದಿಗೆ ಬಸ್ಸು ಬದಲಿಸಿಕೊಂಡು ಓಡಾಡಿ ಕೆಲವೇ ತಿಂಗಳಲ್ಲಿ ಸೊರಗಿಹೋದೆ. ಕೊನೆಗೆ ಅಮ್ಮನೇ, "ಅಲ್ಲೇ ಎಲ್ಲಾದ್ರೂ ರೂಮ್ ಮಾಡ್ಕೊಂಡಿರು ಕಣೇ, ಶನಿವಾರ ಬಂದು ಹೋದ್ರೆ ಸಾಕು" ಎಂದಳು. ಹಾಗೆ ಪಟ್ಟಂದೂರು ಅಗ್ರಹಾರದ ಆ ಕಟ್ಟಡದ ಮೇಲಂತಸ್ತಿನಲ್ಲಿ ಒಂದು ಕೋಣೆ ಸಿಕ್ಕಿತು. ಕಿಟಕಿ ತೆರೆದರೆ ಐಟಿ ಪಾರ್ಕಿನ ಗಾಜಿನ ಕಟ್ಟಡಗಳು. ನಮ್ಮ ಲ್ಯಾಬು ಅವುಗಳ ಹಿಂದಿನ ಸಾಲಿನಲ್ಲಿತ್ತು, ನಡೆದೇ ಹೋಗಬಹುದಿತ್ತು. ಅದೇ ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗೆ ಶೀಟು ಹೊದಿಸಿದ ಕೊಟ್ಟಿಗೆಯಲ್ಲಿ ಓನರಮ್ಮನ ಎರಡು ಹಸುಗಳು.

ಓನರಮ್ಮ ಎಂದೇ ಎಲ್ಲ ಬಾಡಿಗೆಯವರೂ ಕರೆಯುತ್ತಿದ್ದದ್ದು. ಅರವತ್ತರ ಹತ್ತಿರದ ವಯಸ್ಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ರಸ್ತೆ ಹಾದುಹೋಗಿತ್ತು, ಉಳಿದದ್ದರಲ್ಲಿ ಈ ಕಟ್ಟಡ ಎದ್ದಿತ್ತು. ಒಬ್ಬನೇ ಮಗ, ನೀರಿನ ಟ್ಯಾಂಕರ್ ಓಡಿಸುವ ವ್ಯವಹಾರ. ಬಾಡಿಗೆ, ಕರೆಂಟು, ನೀರು ಎಲ್ಲ ಅವನ ಜವಾಬ್ದಾರಿ. ಓನರಮ್ಮನಿಗೆ ಹಸುಗಳದ್ದು ಮಾತ್ರ. ಬೆಳಿಗ್ಗೆ ಅವರೇ ಹಾಲು ಕರೆದು, ಕ್ಯಾನು ಹಿಡಿದು ಒಂದೊಂದೇ ಮಹಡಿ ಹತ್ತಿ ಬರುತ್ತಿದ್ದರು. ಬೇರೆ ರಾಜ್ಯಗಳಿಂದ ಬಂದ ಹುಡುಗರು ನಿದ್ದೆಗಣ್ಣಲ್ಲಿ ಪಾತ್ರೆ ಹಿಡಿದು ಬಾಗಿಲು ತೆಗೆಯುತ್ತಿದ್ದರು. ಭಾಷೆ ಬರದ ಅವರ ಹತ್ತಿರವೂ ಓನರಮ್ಮ ಕನ್ನಡದಲ್ಲೇ ಮಾತಾಡುತ್ತಿದ್ದರು, ಅವರಿಗೆ ಅರ್ಥವೂ ಆಗುತ್ತಿತ್ತು.

ಅವರ ಇನ್ನೊಂದು ಹೆಮ್ಮೆ ಕೂದಲು. ಆ ವಯಸ್ಸಿಗೂ ಅಲ್ಲೊಂದು ಇಲ್ಲೊಂದು ಬಿಟ್ಟರೆ ಬಿಳಿಯೇ ಇರಲಿಲ್ಲ. ಭಾನುವಾರ ತಲೆಗೆ ಸ್ನಾನ ಮಾಡಿ ಮೆಟ್ಟಿಲ ಮೇಲೆ ಕುಳಿತು ಒಣಗಿಸಿಕೊಳ್ಳುತ್ತಿದ್ದರೆ ದಾಟಿ ಹೋಗುವವರು ಒಂದು ಮಾತು ಹೇಳಿಯೇ ಹೋಗಬೇಕಿತ್ತು.

ಮೂತ್ರದಲ್ಲಿ ರಕ್ತ ಹೋಗುತ್ತಿದ್ದುದನ್ನು ಅವರು ಯಾರಿಗೂ ಹೇಳಿರಲಿಲ್ಲ. ಉಷ್ಣ ಎಂದುಕೊಂಡು ಎಳನೀರು, ಬಾರ್ಲಿ ನೀರು ಕುಡಿಯುತ್ತಿದ್ದರಂತೆ. ಅದು ಒಂದಷ್ಟು ದಿನ ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ನಿಂತಾಗ ಎಳನೀರಿನಿಂದಲೇ ನಿಂತಿತು ಎಂದು ಅವರು ನಂಬಿದ್ದರು. ಒಂದು ದಿನ ಹಾಲು ಕರೆಯುತ್ತಿದ್ದವರು ಬೆನ್ನು ಹಿಡಿದುಕೊಂಡು ಅಲ್ಲೇ ಕುಸಿದರು. ಮಗ ಆಸ್ಪತ್ರೆಗೆ ಕರೆದೊಯ್ದ. ಬಲಗಡೆಯ ಕಿಡ್ನಿಯಲ್ಲಿ ಗಡ್ಡೆ, ಅದೂ ಕ್ಯಾನ್ಸರ್. ಆಪರೇಷನ್ ಮಾಡಿ ಇಡೀ ಕಿಡ್ನಿಯನ್ನೇ ತೆಗೆದರು. ಮನೆಗೆ ಬಂದ ಮೇಲೆ ಅವರು ಬಾಡಿಗೆಯವರಿಗೆಲ್ಲ ಹೇಳಿದ್ದು "ಕಲ್ಲು ತೆಗ್ದವ್ರೆ" ಎಂದು. ಮಗ ನನಗೆ ಮಾತ್ರ ನಿಜ ಹೇಳಿದ. ನಾನು ಯಾವುದೋ ರಕ್ತದ ಲ್ಯಾಬಿನಲ್ಲಿದ್ದೇನೆ ಎಂಬುದು ಅವನಿಗೆ ಗೊತ್ತಿತ್ತು.

ಒಂದು ವರ್ಷ ಚೆನ್ನಾಗಿಯೇ ಇದ್ದರು. ಆಮೇಲಿನ ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲಿ ಚುಕ್ಕೆಗಳು ಕಂಡವು. ಅದಕ್ಕೆ ಆಪರೇಷನ್ ಇಲ್ಲ, ಮಾತ್ರೆ ಎಂದರು. ನಾಲ್ಕು ವಾರ ದಿನಕ್ಕೊಂದರಂತೆ ನುಂಗಬೇಕು, ಎರಡು ವಾರ ಬಿಡಬೇಕು, ಮತ್ತೆ ಶುರು ಮಾಡಬೇಕು.

ಇನ್ನು ನನ್ನ ಕೆಲಸದ ವಿಷಯ ಹೇಳಬೇಕು. ಕ್ಯಾನ್ಸರ್ ಗಡ್ಡೆಯಿಂದ ಕೆಲವು ಜೀವಕೋಶಗಳು ಕಳಚಿಕೊಂಡು ರಕ್ತಕ್ಕೆ ಬೀಳುತ್ತವೆ, ರಕ್ತದ ಜೊತೆ ಮೈಯೆಲ್ಲ ಸುತ್ತುತ್ತವೆ. ಬಹಳ ಕಡಿಮೆ. ಒಂದು ಟ್ಯೂಬು ರಕ್ತದಲ್ಲಿ ಕೋಟಿಗಟ್ಟಲೆ ರಕ್ತಕಣಗಳ ನಡುವೆ ಅಂಥವು ಬೆರಳೆಣಿಕೆಯಷ್ಟು ಇದ್ದರೆ ಹೆಚ್ಚು. ಅವುಗಳನ್ನು ಹುಡುಕಿ ಎಣಿಸುವುದು ನಮ್ಮ ಕೆಲಸ. ಔಷಧಿ ಕೆಲಸ ಮಾಡುತ್ತಿದ್ದರೆ ಸಂಖ್ಯೆ ಇಳಿಯಬೇಕು, ಮಾಡದಿದ್ದರೆ ಏರಬೇಕು ಎಂಬುದು ಇದರ ಹಿಂದಿನ ಯೋಚನೆ. ಸ್ತನ ಕ್ಯಾನ್ಸರಿನಲ್ಲಿ ಅದು ಅಷ್ಟಿಷ್ಟು ನಿಜವೂ ಆಗಿತ್ತು. ಕಿಡ್ನಿಯಲ್ಲೂ ಹಾಗೆ ಆಗುತ್ತದೆಯೇ ಎಂದು ನೋಡಲು ಹತ್ತಿರದ ಆಸ್ಪತ್ರೆಯೊಂದರ ಜೊತೆ ಸೇರಿ ಒಂದು ಅಧ್ಯಯನ ಶುರುವಾಯಿತು. ತಿಂಗಳುಗಟ್ಟಲೆ ಕಾದು ಸ್ಕ್ಯಾನ್ ಮಾಡಿಸಿ ತಿಳಿಯುವ ಬದಲು ಒಂದು ಟ್ಯೂಬು ರಕ್ತದಲ್ಲೇ ಗೊತ್ತಾಗುವ ಹಾಗಿದ್ದರೆ ಎಷ್ಟು ಒಳ್ಳೆಯದು ಎಂಬುದು ಎಲ್ಲರ ಆಸೆ.

ಓನರಮ್ಮ ತೋರಿಸಿಕೊಳ್ಳುತ್ತಿದ್ದುದು ಅದೇ ಆಸ್ಪತ್ರೆಯಲ್ಲಿ. ಅಧ್ಯಯನಕ್ಕೆ ರಕ್ತ ಕೊಡುತ್ತೀರಾ ಎಂದು ಅವರನ್ನು ಕೇಳಿದರಂತೆ. ಆ ಸಂಜೆ ನಾನು ಗೇಟು ತೆಗೆಯುತ್ತಿದ್ದಂತೆ ಅವರು ಕಟ್ಟೆಯಿಂದ ಎದ್ದರು.

"ಇವತ್ತು ನನ್ ರಕ್ತ ನಿಮ್ ಪಾರ್ಕಿಗೇ ಬತ್ತದಂತೆ. ನಿಮ್ ಆಪೀಸ್ಗೇ ಅಂತೆ. ನೀನೇ ಎಣ್ಸದಾ?"

"ನಮ್ಮಲ್ಲಿಗೇ ಬರುತ್ತೆ ಅಮ್ಮ. ಆದ್ರೆ ಹೆಸರು ಇರಲ್ಲ. ಬರೀ ನಂಬರ್ ಇರುತ್ತೆ. ಯಾರದು ಅಂತ ನಮಗೆ ಗೊತ್ತಾಗಲ್ಲ."

"ಎಸರಿಲ್ದಿದ್ರೆ ನಾಳೆ ಬೇರೇರ್ದು ನಂದು ಅಂದ್ಬಿಟ್ರೆ?"

"ಆಸ್ಪತ್ರೆಯವರ ಹತ್ರ ಇರುತ್ತೆ, ಯಾವ ನಂಬರ್ ಯಾರದು ಅಂತ."

ಅವರು ಸ್ವಲ್ಪ ಯೋಚಿಸಿದರು. "ಆಲ್ಗೂ ಅಂಗೇ ನಂಬರ್ ಆಕಿದ್ರೆ ಗೊತ್ತಾಗ್ತಿತ್ತು, ಯಾರ್ ಕಾಸ್ ಕೊಟ್ಟಿಲ್ಲ ಅಂತ" ಎಂದು ನಕ್ಕು ಒಳಗೆ ಹೋದರು.

ಹೆಸರಿಲ್ಲ ಎಂದು ನಾನು ಹೇಳಿದ್ದು ನಿಜ. ಆದರೆ ಗೊತ್ತಾಗುವುದಿಲ್ಲ ಎಂಬುದು ಬಹಳ ದಿನ ನಿಜವಾಗಿ ಉಳಿಯಲಿಲ್ಲ. ಅವರು ಆಸ್ಪತ್ರೆಗೆ ಹೋಗುವ ದಿನ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೇ ಮಗನ ಕಾರು ಗೇಟಿನಲ್ಲಿ ನಿಂತಿರುತ್ತಿತ್ತು. ಅಂಥದೊಂದು ದಿನ ಮಧ್ಯಾಹ್ನ ಆಸ್ಪತ್ರೆಯಿಂದ ಬಂದ ಪೆಟ್ಟಿಗೆಯಲ್ಲಿ ಕಿಡ್ನಿ ಅಧ್ಯಯನದ ಟ್ಯೂಬು ಒಂದೇ ಒಂದಿತ್ತು. ನಾನು ಅದನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ನೋಡಿದೆ. ಎಲ್ಲ ರಕ್ತದ ಹಾಗೆಯೇ ಇತ್ತು.

ನಾವು ಬಳಸುತ್ತಿದ್ದ ವಿಧಾನ ಹೀಗೆ. ಕಬ್ಬಿಣದ ಅತಿ ಸಣ್ಣ ಕಣಗಳನ್ನು ರಕ್ತಕ್ಕೆ ಬೆರೆಸುತ್ತಿದ್ದೆವು. ಕ್ಯಾನ್ಸರ್ ಕೋಶದ ಮೈಮೇಲೆ ಒಂದು ಬಗೆಯ ಪ್ರೋಟೀನು ಇರುತ್ತದೆ, ರಕ್ತಕಣಗಳ ಮೇಲೆ ಅದು ಇರುವುದಿಲ್ಲ. ಕಬ್ಬಿಣದ ಕಣಗಳು ಆ ಪ್ರೋಟೀನಿಗೆ ಕಚ್ಚಿಕೊಳ್ಳುವಂತೆ ತಯಾರಾಗಿರುತ್ತವೆ. ಆಮೇಲೆ ಆಯಸ್ಕಾಂತ ಹಿಡಿದರೆ ಕಬ್ಬಿಣ ಅಂಟಿದ ಕೋಶಗಳು ಗೋಡೆಗೆ ಬಂದು ನಿಲ್ಲುತ್ತವೆ, ಮಿಕ್ಕಿದ್ದನ್ನು ಚೆಲ್ಲಬಹುದು. ನಿಂತವುಗಳಿಗೆ ಬಣ್ಣ ಕೊಟ್ಟು ಕತ್ತಲೆ ಕೋಣೆಯ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಕ್ಯಾನ್ಸರ್ ಕೋಶ ಹಸಿರಾಗಿ ಹೊಳೆಯುತ್ತದೆ, ಒಳಗೆ ನೀಲಿ ಬೀಜ. ಅಂಥವನ್ನು ಎಣಿಸಿ ಬರೆಯುವುದು.

ಆ ಟ್ಯೂಬಿನಲ್ಲಿ ಒಂದೂ ಇರಲಿಲ್ಲ. ಸೊನ್ನೆ ಎಂದು ಬರೆದೆ. ಮುಂದಿನ ಸಲವೂ ಸೊನ್ನೆ.

ಸಂತೋಷಪಡಬಹುದಿತ್ತು. ಆದರೆ ಆ ಹೊತ್ತಿಗೆ ಕಿಡ್ನಿಯ ಟ್ಯೂಬುಗಳು ಸಾಕಷ್ಟು ಬಂದಿದ್ದವು, ಬಹುಪಾಲು ಎಲ್ಲವೂ ಸೊನ್ನೆಯೇ. ಹಾಸಿಗೆ ಹಿಡಿದಿದ್ದಾರೆ ಎಂದು ಆಸ್ಪತ್ರೆಯವರೇ ಗುರುತು ಮಾಡಿ ಕಳಿಸಿದ ರೋಗಿಗಳದ್ದೂ ಸೊನ್ನೆ. ಇದನ್ನು ಲ್ಯಾಬಿನ ಮುಖ್ಯಸ್ಥರಿಗೆ ಹೇಳಿದೆ. ಮೆತ್ತಗೆ ಮಾತಾಡುವ, ಕೈಯಲ್ಲಿ ಯಾವಾಗಲೂ ತಣ್ಣಗಾದ ಕಾಫಿ ಹಿಡಿದಿರುತ್ತಿದ್ದ ಮನುಷ್ಯ.

"ಕಿಡ್ನಿ ಕೋಶಗಳ ಮೇಲೆ ಆ ಪ್ರೋಟೀನ್ ಕಡಿಮೆ ಇರುತ್ತೆ" ಎಂದರು. "ಕೆಲವರಲ್ಲಿ ಇರೋದೇ ಇಲ್ಲ. ನಮ್ಮ ಕಬ್ಬಿಣ ಕಚ್ಚಿಕೊಳ್ಳೋಕೆ ಜಾಗಾನೇ ಇರಲ್ಲ. ಹಾಗಾಗಬಹುದು ಅಂತ ಮೊದಲೇ ಅನುಮಾನ ಇತ್ತು, ಎಷ್ಟರ ಮಟ್ಟಿಗೆ ಅಂತ ನೋಡಬೇಕಿತ್ತು."

"ಹಾಗಿದ್ರೆ ಈ ಸೊನ್ನೆಗಳು?"

"ರೋಗಿಯ ರಕ್ತದಲ್ಲಿ ಇಲ್ಲ ಅಂತ ಅರ್ಥ ಅಲ್ಲ. ನಮಗೆ ಕಾಣ್ತಿಲ್ಲ ಅಂತ ಅರ್ಥ. ಅದಕ್ಕೇ ತಾನೆ ಫಲಿತಾಂಶ ರೋಗಿಗಳಿಗೆ ಕೊಡಬೇಡಿ ಅಂತ ಒಪ್ಪಂದ ಮಾಡ್ಕೊಂಡಿರೋದು."

ಅತ್ತ ಮನೆಯಲ್ಲಿ ಮಾತ್ರೆ ತನ್ನ ಕೆಲಸ ಮಾಡುತ್ತಿತ್ತು. ಓನರಮ್ಮನ ಅಂಗಾಲು ಕೆಂಪಾಗಿ, ಊದಿ, ಸಿಪ್ಪೆ ಸುಲಿಯಿತು. ಅಂಗೈಯೂ ಹಾಗೇ. ಬಾಯಲ್ಲಿ ಹುಣ್ಣು. ಖಾರ ಬೀಳದಿದ್ದರೆ ಅನ್ನ ಇಳಿಯದವರು ಮುದ್ದೆಯನ್ನು ಹಾಲಿನಲ್ಲಿ ಕಿವುಚಿಕೊಂಡು ನುಂಗುವಂತಾಯಿತು. ಮುಖಕ್ಕೆ ಹಳದಿ ಛಾಯೆ ಬಂತು. ಹಾಲು ಕರೆಯಲು ಬೆರಳು ಮಡಚಲಾಗದೆ ಕೂಲಿಗೆ ಒಬ್ಬಳನ್ನು ಇಟ್ಟುಕೊಂಡರು. ಅವಳು ಕರೆಯುವಾಗ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತು ತಪ್ಪು ಹುಡುಕುತ್ತಿದ್ದರು.

ಕೂದಲು ಬೆಳ್ಳಗಾಗತೊಡಗಿತು. ಅದರಲ್ಲೊಂದು ವಿಚಿತ್ರವಿತ್ತು. ಆ ಔಷಧಿ ಕೂದಲಿಗೆ ಬಣ್ಣ ಕೊಡುವ ಕೋಶಗಳನ್ನೂ ತಡೆಯುತ್ತದೆ. ಮಾತ್ರೆ ನುಂಗುವ ವಾರಗಳಲ್ಲಿ ಹುಟ್ಟಿದ ಕೂದಲು ಬಿಳಿ, ಬಿಟ್ಟ ವಾರಗಳಲ್ಲಿ ಹುಟ್ಟಿದ್ದು ಕಪ್ಪು. ಹೀಗಾಗಿ ಒಂದೊಂದು ಎಳೆಯಲ್ಲೂ ಬಿಳಿ ಕಪ್ಪು ಪಟ್ಟೆಗಳು ಬಂದವು. ಭಾನುವಾರ ಜಾಲಹಳ್ಳಿಯಿಂದ ಬೇಗ ಬಂದ ದಿನ ನಾನೇ ಅವರ ತಲೆ ಬಾಚುತ್ತಿದ್ದೆ. ಬಾಚಣಿಗೆ ಹಿಡಿದರೆ ಅವರ ಅಂಗೈ ಉರಿಯುತ್ತಿತ್ತು, ಸೊಸೆಗೆ ಸಣ್ಣ ಮಗು. ಬೈತಲೆ ತೆಗೆದರೆ ಪಟ್ಟೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ನನಗೆ ಅದನ್ನು ನೋಡುವುದರಲ್ಲಿ ಕುತೂಹಲವಿತ್ತು ಎಂದೇ ಹೇಳಬೇಕು.

ಒಂದು ಸಂಜೆ ಓನರಮ್ಮನ ಮಗ ಬಾಗಿಲು ತಟ್ಟಿದ. ಕೈಯಲ್ಲಿ ಸ್ವೀಟ್ ಬಾಕ್ಸು. ಅವನು ಆಗಲೇ ಕೊಟ್ಟು ಬಂದಿದ್ದ ಮನೆಗಳವರು ಬಾಗಿಲಲ್ಲಿ ನಿಂತು ಜಾಂಗೀರು ತಿನ್ನುತ್ತಿದ್ದರು.

"ತಗೊಳ್ಳಿ ಮೇಡಂ. ಅಮ್ಮಂದು ರಕ್ತ ಕ್ಲೀನಂತೆ. ಒಂದೂ ಇಲ್ವಂತೆ."

"ಯಾರ್ ಹೇಳಿದ್ರು?"

"ಆಸ್ಪತ್ರೆಲಿ ಬ್ಲಡ್ ತಗೊಳ್ತಾರಲ್ಲ, ಅವ್ರೇ. ಅಮ್ಮ ಪ್ರತಿ ಸಲ ಕೇಳಿ ಕೇಳಿ ಕಾಟ ಕೊಡ್ತಿತ್ತು. ಕೊನೆಗೆ ಪಾಪ, ಹೇಳ್ಬಾರ್ದು ಆದ್ರೂ ಹೇಳ್ತೀನಿ, ಸೊನ್ನೆ ಇದೆ ಅಂದ್ರು. ನಿಮಗೆ ಗೊತ್ತಿತ್ತು ಅಲ್ವಾ ಮೇಡಂ? ಹೇಳೋ ಹಂಗಿಲ್ಲ ಅಂತ ಸುಮ್ನಿದ್ರಿ."

ನಾನು ಜಾಂಗೀರು ತೆಗೆದುಕೊಂಡೆ. "ಸ್ಕ್ಯಾನ್ ಯಾವಾಗ?" ಎಂದು ಕೇಳಿದೆ. ಇನ್ನೂ ಟೈಮಿದೆ ಎಂದ. ಡಾಕ್ಟರು ಹೇಳಿದ ಹಾಗೆ ಮಾತ್ರೆ ಮುಂದುವರಿಸಿ ಎಂದೆ. "ಅದಿದ್ದೇ ಇದೆಯಲ್ಲ" ಎಂದು ಮುಂದಿನ ಬಾಗಿಲಿಗೆ ಹೋದ.

ಆಮೇಲಿನ ವಾರಗಳಲ್ಲಿ ಓನರಮ್ಮ ಚೇತರಿಸಿಕೊಂಡರು. ಕಾಲಿನ ಸಿಪ್ಪೆ ಉದುರಿ ಹೊಸ ಚರ್ಮ ಬಂತು. ಕೆಳಗಿನ ಮನೆಯಿಂದ ಹುರುಳಿ ಬಸ್ಸಾರಿನ ವಾಸನೆ ಮತ್ತೆ ಬರತೊಡಗಿತು. ಕೂಲಿಯವಳನ್ನು ಬಿಡಿಸಿ ಅವರೇ ಹಾಲು ಕರೆಯಲು ಕುಳಿತರು. ಎಲ್ಲರೂ ಅದನ್ನು ವಾಸಿಯಾದ ಲಕ್ಷಣ ಎಂದುಕೊಂಡರು.

ಒಂದು ಭಾನುವಾರ ಅವರೇ ಕರೆದರು. ಕೈ ಸರಿಹೋಗಿದ್ದರೂ ನನ್ನಿಂದ ತಲೆ ಬಾಚಿಸಿಕೊಳ್ಳುವುದು ಅಭ್ಯಾಸವಾಗಿತ್ತು. ಬೈತಲೆ ತೆಗೆದೆ. ಬುಡದಲ್ಲಿ ಕಪ್ಪು ಇತ್ತು. ಎರಡು ವಾರದಲ್ಲಿ ಬೆಳೆಯುವಷ್ಟಲ್ಲ, ಅದರ ಮೂರರಷ್ಟು. ಇಷ್ಟು ಹೊತ್ತಿಗೆ ನೆತ್ತಿಗೆ ತಾಗಿ ಹೊಸ ಬಿಳಿ ಪಟ್ಟೆ ಕಾಣಿಸಬೇಕಿತ್ತು. ಇರಲಿಲ್ಲ.

"ಅಮ್ಮ, ಮಾತ್ರೆ ನಿಲ್ಲಿಸಿದ್ದೀರಾ?"

ಅವರು ತಿರುಗಲಿಲ್ಲ. "ಯಾರೇಳುದ್ರು ನಿಂಗೆ?"

"ನಿಮ್ಮ ಕೂದಲು."

"ನನ್ ಮಗಂಗೆ ಏಳ್ಬ್ಯಾಡ. ಒಂದೂ ಇಲ್ಲ ಅಂದ್ಮೇಲೆ ಯಾಕ್ ನುಂಗ್ಬೇಕು? ಕಾಲೂರಕ್ಕಾಗ್ದೆ ಅತ್ತಿದೀನಿ ನಾನು. ಈಗ ರಕ್ತ ಸುದ್ದಾಗೈತೆ."

ಬಾಚಣಿಗೆ ಕೆಳಗಿಟ್ಟು ಅವರ ಎದುರಿಗೆ ಬಂದು ಕುಳಿತೆ. "ಸೊನ್ನೆ ಅಂದ್ರೆ ಶುದ್ಧ ಅಂತ ಅಲ್ಲ ಅಮ್ಮ. ನಾವು ಆಯಸ್ಕಾಂತ ಇಟ್ಟು ಎಳೀತೀವಿ. ಕಿಡ್ನಿ ಕೋಶಗಳು ಅದಕ್ಕೆ ಸರಿಯಾಗಿ ಅಂಟಲ್ಲ. ಅಂಟದೇ ಇದ್ದದ್ದು ಮಿಕ್ಕ ರಕ್ತದ ಜೊತೆ ಹೋಗ್ಬಿಡುತ್ತೆ. ನಾವು ಸೊನ್ನೆ ಅಂತ ಬರೀತೀವಿ."

"ಅಂಗಾದ್ರೆ ಇರ್ಬೌದು."

"ಇರಬಹುದು, ಇಲ್ಲದೇನೂ ಇರಬಹುದು. ನಮ್ಮ ಲೆಕ್ಕದಿಂದ ಗೊತ್ತಾಗಲ್ಲ. ಸ್ಕ್ಯಾನ್ ಮಾಡಿಸಿದ್ರೇನೇ ಗೊತ್ತಾಗೋದು."

ಅವರು ನನ್ನನ್ನೇ ನೋಡಿದರು. "ಅಂಗಾದ್ರೆ ನೀನು ದಿನಾ ಅಲ್ಲೋಗಿ ಏನ್ ಎಣಿಸ್ತೀಯ ಮಗಾ?"

ಉತ್ತರವಿತ್ತು. ಯಾವುದು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ತಿಳಿಯಲೂ ಎಣಿಸಬೇಕಾಗುತ್ತದೆ ಎಂದು. ಅದನ್ನೇ ಹೇಳಿದೆ ಕೂಡ. ಅವರಿಗೆ ಅದು ಬೇಕಿರಲಿಲ್ಲ. ಎದ್ದು, ಸೆರಗಿನಿಂದ ತಲೆ ಮುಚ್ಚಿಕೊಂಡು ಒಳಗೆ ಹೋದರು. ಅರ್ಧ ಬಾಚಿದ ಕೂದಲು ಹಾಗೇ ಇತ್ತು. ಮಾರನೆಯ ಬೆಳಿಗ್ಗೆ ನನ್ನ ಬಾಗಿಲಿಗೆ ಹಾಲು ಬರಲಿಲ್ಲ.

ಅದೇ ದಿನ ಲ್ಯಾಬಿನ ಮುಖ್ಯಸ್ಥರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅವರು ಕಾಫಿ ಕೆಳಗಿಟ್ಟರು.

"ಯಾವ ಟ್ಯೂಬ್ ಅವರದು ಅಂತ ಹೇಳಿದ್ರಾ?"

"ಇಲ್ಲ ಸಾರ್. ಸೊನ್ನೆ ಅಂದ್ರೆ ಏನು ಅಂತ ಹೇಳಿದೆ, ಅಷ್ಟೇ."

"ಅದನ್ನ ಹೇಳೋದು ನಿಮ್ಮ ಕೆಲಸ ಅಲ್ಲ."

"ಹೌದು ಸಾರ್."

"ಮಾತ್ರೆ ಬಿಟ್ಟು ಎಷ್ಟು ದಿನ ಆಗಿದೆ?"

"ಒಂದೂವರೆ ತಿಂಗಳು ಇರಬಹುದು. ಕೂದಲು ನೋಡಿ ಹೇಳ್ತಿದ್ದೀನಿ."

ಅವರು ನಗಲಿಲ್ಲ. ಆಸ್ಪತ್ರೆಯ ಡಾಕ್ಟರಿಗೆ ನನ್ನೆದುರೇ ಫೋನು ಮಾಡಿದರು. ರೋಗಿಗಳಿಗೆ ಸಂಖ್ಯೆ ಹೇಳಲಾಗುತ್ತಿದೆ, ಅದನ್ನು ನಂಬಿ ಒಬ್ಬರಾದರೂ ಔಷಧಿ ಬಿಟ್ಟಿದ್ದಾರೆ, ಇನ್ನೂ ಯಾರಾದರೂ ಬಿಟ್ಟಿರಬಹುದು, ಎಲ್ಲರನ್ನೂ ಕರೆಸಿ ಮಾತಾಡಿ ಎಂದರು. ಇಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಬೇರೆಂದೂ ಕೇಳಲಿಲ್ಲ. ನನ್ನನ್ನು ಕಿಡ್ನಿ ಟ್ಯೂಬುಗಳಿಂದ ತೆಗೆದು ಬೇರೆ ಕೆಲಸಕ್ಕೆ ಹಾಕಿದರು. ರೋಗಿಯ ಪರಿಚಯವಿರುವವರು ಎಣಿಸಬಾರದು ಎಂಬುದು ಕಾರಣ. ಅದು ಸರಿಯಾದ ಕಾರಣವೇ.

ಎರಡು ದಿನದ ಮೇಲೆ ಮಗ ಬಂದ. ಒಳಗೆ ಕರೆದರೂ ಬರಲಿಲ್ಲ, ಬಾಗಿಲಲ್ಲೇ ನಿಂತ.

"ಆಸ್ಪತ್ರೆಯಿಂದ ಫೋನ್ ಬಂದಿತ್ತು. ಅಮ್ಮ ಮಾತ್ರೆ ಬಿಟ್ಟಿರೋದು ನಂಗೇ ಗೊತ್ತಿಲ್ಲ ಮೇಡಂ. ಡಬ್ಬಿ ನೋಡುದ್ರೆ ಹಂಗೇ ಇದೆ. ನಿಮಗೆ ಮೊದ್ಲೇ ಗೊತ್ತಾಯ್ತಂತೆ, ಅಮ್ಮನೇ ಹೇಳ್ತು. ನನಗ್ಯಾಕೆ ಒಂದು ಮಾತು ಹೇಳಲಿಲ್ಲ?"

"ಅಮ್ಮ ಹೇಳಬೇಡ ಅಂದ್ರು. ಡಾಕ್ಟರಿಗೆ ತಲುಪಿದ್ರೆ ಸಾಕು ಅನ್ನಿಸ್ತು."

"ಸ್ವೀಟ್ ಹಂಚ್ದಾಗ್ಲೇ ನೀವು ಹೇಳ್ಬೋದಿತ್ತು."

"ಆಗ ನಾನು ಹೇಳಿದ್ದಿದ್ರೆ ನೀವು ಕೇಳ್ತಿರಲಿಲ್ಲ" ಎಂದೆ. ಅವನು ಮೆಟ್ಟಿಲಿಳಿದ.

ಸ್ಕ್ಯಾನನ್ನು ಮುಂಚಿತವಾಗಿಯೇ ಮಾಡಿದರು. ಶ್ವಾಸಕೋಶದ ಚುಕ್ಕೆಗಳು ಸ್ವಲ್ಪ ದೊಡ್ಡದಾಗಿದ್ದವು. ಹೊಸವು ಬಂದಿರಲಿಲ್ಲ. ಡಾಕ್ಟರು ಬೈಯಲಿಲ್ಲವಂತೆ. ಕಾಲು ಉರಿಯುತ್ತದೆ ಎಂದು ಮೊದಲೇ ಹೇಳಿದ್ದರೆ ಪ್ರಮಾಣ ಇಳಿಸಬಹುದಿತ್ತು ಎಂದರಂತೆ. ಓನರಮ್ಮನಿಗೆ ಅದು ಗೊತ್ತೇ ಇರಲಿಲ್ಲ. ಕಷ್ಟ ಎಂದರೆ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ, ಆಮೇಲೆ ಬೇರೆ ದಾರಿ ಇಲ್ಲ ಎಂದು ಅವರು ಹಲ್ಲು ಕಚ್ಚಿಕೊಂಡಿದ್ದರು. ಕಡಿಮೆ ಪ್ರಮಾಣದ ಮಾತ್ರೆ ಶುರುವಾಯಿತು, ಕಾಲಿಗೆ ಹಚ್ಚಲು ಒಂದು ಮುಲಾಮು. ನನ್ನ ಬಾಗಿಲಿಗೆ ಹಾಲು ಮತ್ತೆ ಬಂತು. ಅಳೆದು ಹಾಕಿ, ಮೇಲೆ ಸ್ವಲ್ಪ ಸುರಿದು, "ಉಸಾರಾಗಿರು" ಎಂದಷ್ಟೇ ಹೇಳಿ ಕೆಳಗಿಳಿದರು.

ಆ ಮಾತ್ರೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅವರನ್ನು ಹಿಡಿದಿಟ್ಟಿತು. ಅಷ್ಟರಲ್ಲಿ ನಮ್ಮ ಲ್ಯಾಬು ವಿಧಾನ ಬದಲಿಸಿತು. ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ರಕ್ತಕಣಗಳಿಗಿಂತ ದೊಡ್ಡವು. ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ಜರಡಿಯಲ್ಲಿ ರಕ್ತ ಸೋಸಿದರೆ ಚಿಕ್ಕವು ಇಳಿದುಹೋಗುತ್ತವೆ, ದೊಡ್ಡವು ಮೇಲೆ ಉಳಿಯುತ್ತವೆ. ಪ್ರೋಟೀನಿನ ಗೊಡವೆಯೇ ಇಲ್ಲ. ಜರಡಿ ಬಂದ ಮೇಲೆ ಕಿಡ್ನಿಯ ಟ್ಯೂಬುಗಳಲ್ಲೂ ಕೋಶಗಳು ಕಾಣತೊಡಗಿದವು. ಎಲ್ಲರಲ್ಲೂ ಅಲ್ಲ, ಎಲ್ಲ ಸಲವೂ ಅಲ್ಲ. ಲ್ಯಾಬಿನಲ್ಲಿ ಮೊದಲನೆಯದು ಕಂಡ ದಿನ ಎಲ್ಲರೂ ಸರದಿಯಲ್ಲಿ ಕತ್ತಲೆ ಕೋಣೆಗೆ ಹೋಗಿ ನೋಡಿ ಬಂದೆವು.

ಅದರ ವಿಷಯ ಓನರಮ್ಮನಿಗೆ ಹೇಳಿದಾಗ ಅವರು ತಕ್ಷಣ ಕೇಳಿದ್ದು, "ನೋಡಕ್ಕೆ ಎಂಗೈತೆ ಅದು?"

ತರಬೇತಿಗೆಂದು ಇಟ್ಟಿದ್ದ ಚಿತ್ರವೊಂದು ಇತ್ತು. ಯಾವ ರೋಗಿಯದೂ ಅಲ್ಲ, ಲ್ಯಾಬಿನಲ್ಲೇ ಬೆಳೆಸಿದ ಕಿಡ್ನಿ ಕ್ಯಾನ್ಸರ್ ಕೋಶ. ಲ್ಯಾಪ್‌ಟಾಪ್ ಕೆಳಗೆ ಒಯ್ದು ಅವರ ಮುಂದಿಟ್ಟೆ. ಕಪ್ಪು ಪರದೆಯ ನಡುವೆ ಹಸಿರು ಅಂಚಿನ ಉರುಟು, ಒಳಗೆ ನೀಲಿ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇದೇನಾ? ಚೆನ್ನಾಗೈತಲ್ಲ" ಎಂದರು. ಆಮೇಲೆ, "ಇಂಥದ್ಕೆ ನನ್ ಕಿಡ್ನಿನೇ ಕಿತ್ತಾಕುದ್ರಾ" ಎಂದರು.

ಮಾತ್ರೆ ಕೈಕೊಟ್ಟಿತು ಎಂದು ತಿಳಿಸುವ ದಿನ ಅವರು ನನ್ನನ್ನೂ ಆಸ್ಪತ್ರೆಗೆ ಬಾ ಎಂದು ಕರೆದರು. ಮಗ ಹೇಳುವುದನ್ನು ಸಿಹಿ ಮಾಡಿ ಹೇಳುತ್ತಾನೆ, ನೀನು ಹಾಗಲ್ಲ ಎಂಬುದು ಅವರ ಕಾರಣ. ಹೋದೆ. ಡಾಕ್ಟರು ಸ್ಕ್ಯಾನಿನ ಚಿತ್ರಗಳನ್ನು ತೋರಿಸಿ, ಬೆನ್ನುಮೂಳೆಯಲ್ಲೂ ಈಗ ಕಾಣುತ್ತಿದೆ, ಬೇರೆ ಮಾತ್ರೆ ಇದೆ, ಅದು ಮೊದಲಿನದಷ್ಟು ಕಾಲ ಬರಲಿಕ್ಕಿಲ್ಲ ಎಂದರು. ಓನರಮ್ಮ ನನ್ನ ಕಡೆ ತಿರುಗಿದರು. ನಾನು ಅದನ್ನೇ ಇನ್ನೊಂದು ಸಲ ಸುಲಭದ ಮಾತಿನಲ್ಲಿ ಹೇಳಿದೆ, ಏನೂ ಬಿಡದೆ. ಮಗ ಕಿಟಕಿಯ ಹೊರಗೆ ನೋಡುತ್ತಿದ್ದ.

"ಇದ್ರಲ್ಲೂ ಕಾಲು ಉರಿತದಾ?" ಎಂದು ಅವರು ಡಾಕ್ಟರನ್ನು ಕೇಳಿದರು.

"ಅಷ್ಟಿರಲ್ಲ. ಸುಸ್ತು ಇರುತ್ತೆ."

"ಕೊಡಿ ಅಂಗಾದ್ರೆ."

ಹೊರಗೆ ಬಂದಾಗ ಅಧ್ಯಯನದ ನರ್ಸು ಹೊಸ ಕಾಗದ ಹಿಡಿದು ಬಂದಳು. ಹೊಸ ವಿಧಾನಕ್ಕೆ ರಕ್ತ ಬೇಕಿತ್ತು, ಔಷಧಿ ಬದಲಿಸುವ ಮುಂಚಿನದು. ಇದರಿಂದ ನಿಮಗೆ ಪ್ರಯೋಜನವಿಲ್ಲ, ಸಂಖ್ಯೆಯನ್ನೂ ಹೇಳುವುದಿಲ್ಲ, ಕೊಡಲೇಬೇಕೆಂದಿಲ್ಲ ಎಂದು ಅವಳು ಒಂದೊಂದನ್ನೂ ಬಿಡಿಸಿ ಹೇಳಿದಳು. ಹಳೆಯ ಗಲಾಟೆಯ ನಂತರ ಹಾಗೆ ಹೇಳಬೇಕೆಂದು ನಿಯಮವಾಗಿತ್ತು. ಮಗ ಬೇಡ ಎಂದ. "ಸಾಕು ಬಾರಮ್ಮ, ಅವ್ರಿಗೇನು, ಎಣಿಸ್ಕೊಂಡು ಕೂತಿರ್ತಾರೆ."

ಓನರಮ್ಮ ಆಗಲೇ ಕುರ್ಚಿಯಲ್ಲಿ ಕುಳಿತು ತೋಳು ಚಾಚಿದ್ದರು. "ತಗೊಳ್ಳವ್ವ. ಈ ಕಿತನಾದ್ರೂ ಅವ್ರಿಗೆ ಸಿಗ್ಲಿ."

ಸಿಕ್ಕಿತೋ ಇಲ್ಲವೋ ನನಗೆ ತಿಳಿಯದು. ನಾನು ಆ ಟ್ಯೂಬುಗಳ ಕೆಲಸದಲ್ಲಿರಲಿಲ್ಲ, ಕೇಳಲೂ ಇಲ್ಲ. ಅಧ್ಯಯನ ಮುಗಿದಾಗ ಒಟ್ಟು ಫಲಿತಾಂಶವನ್ನು ಲ್ಯಾಬಿನಲ್ಲಿ ಓದಿ ಹೇಳಿದರು. ಜರಡಿಯಲ್ಲಿ ಕೋಶಗಳು ಸಿಗುತ್ತವೆ, ಕೆಲವರಲ್ಲಿ ರೋಗ ಏರಿದಾಗ ಸಂಖ್ಯೆಯೂ ಏರುತ್ತದೆ, ಆದರೆ ಅದನ್ನು ನಂಬಿ ಔಷಧಿ ಬದಲಿಸುವಷ್ಟು ಭರವಸೆ ಬಂದಿಲ್ಲ, ಇನ್ನೂ ಹೆಚ್ಚು ಜನರಲ್ಲಿ ನೋಡಬೇಕು. ಹೆಚ್ಚು ಜನರಲ್ಲಿ ನೋಡಲು ಹಣ ಬರಲಿಲ್ಲ.

ಓನರಮ್ಮ ಹೊಸ ಮಾತ್ರೆಯ ಮೇಲೆ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದರು. ಕೂದಲು ಪೂರ್ತಿ ಕಪ್ಪಾಗಿಯೇ ಹುಟ್ಟುತ್ತಿತ್ತು, ಬಿಳಿಯ ಪಟ್ಟೆಗಳೆಲ್ಲ ತುದಿಗೆ ಇಳಿದಿದ್ದವು. ಕೊನೆಕೊನೆಗೆ ಬೆನ್ನುನೋವಿಗೆ ನಡುಮನೆಯಲ್ಲೇ ಮಂಚ ಹಾಕಿಸಿಕೊಂಡರು. ಅಲ್ಲಿಂದ ಮೆಟ್ಟಿಲು ಕಾಣುತ್ತಿತ್ತು. ಯಾರು ಎಷ್ಟೊತ್ತಿಗೆ ಬಂದರು, ಯಾರು ಚಪ್ಪಲಿ ಎಲ್ಲಿ ಬಿಟ್ಟರು ಎಂಬುದೆಲ್ಲ ಅವರ ಗಮನದಲ್ಲಿತ್ತು. ನಾನು ಕೆಲಸದಲ್ಲಿದ್ದ ಒಂದು ಮಧ್ಯಾಹ್ನ ತೀರಿಕೊಂಡರು. ಮಗ ಫೋನು ಮಾಡಿ, "ಮೇಡಂ, ಅಮ್ಮ ಹೋಗ್ಬಿಡ್ತು" ಎಂದ. ಮುಖ್ಯಸ್ಥರಿಗೆ ಹೇಳಿ ಮನೆಗೆ ನಡೆದು ಬಂದೆ. ಬಾಡಿಗೆಯ ಹುಡುಗರು ಆಫೀಸಿನ ಗು‍ರುತುಚೀಟಿ ಕೊರಳಲ್ಲೇ ಹಾಕಿಕೊಂಡು ರಸ್ತೆಯಲ್ಲಿ ನಿಂತಿದ್ದರು.

ತಿಥಿಯ ದಿನ ಮಗ ಎಲ್ಲ ಬಾಡಿಗೆಯವರನ್ನೂ ಊಟಕ್ಕೆ ಕರೆದ. ಶಾಮಿಯಾನದ ಕೆಳಗೆ ಸಾಲಾಗಿ ಎಲೆ ಹಾಕಿದ್ದರು. ನನ್ನ ಪಕ್ಕದಲ್ಲಿ ಕುಳಿತ ವಯಸ್ಸಾದ ಹೆಂಗಸು, ಓನರಮ್ಮನ ತಂಗಿಯಂತೆ, ಹೊಸಕೋಟೆಯ ಕಡೆಯವರು, ನೀನ್ಯಾರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಬಡಿಸುತ್ತಿದ್ದ ಮಗ ಹೇಳಿದ: "ಅಮ್ಮನ ರಕ್ತ ನೋಡ್ತಿದ್ದೋರು ಚಿಕ್ಕಮ್ಮ."

ಸರಿಯಾಗಿ ಹೇಳಬೇಕೆಂದರೆ ಬಹಳ ಇತ್ತು. ಅನ್ನ ಕಲಸಿಕೊಂಡೆ. ಆ ಹೆಂಗಸು ಎಡಗೈಯನ್ನು ನನ್ನ ಎಲೆಯ ಕಡೆ ಚಾಚಿ, "ನಂಗೂ ಸುಗರ್ ಐತೆ ಕಣವ್ವ, ಒಂದ್ ಕಿತ ನೋಡು ಮತ್ತೆ. ಬೆಳಗ್ಗೆ ಎದ್ರೆ ಬೆರಳೆಲ್ಲ ಜೋಮು" ಎಂದರು. ಅದು ನನ್ನ ಕೆಲಸವಲ್ಲ, ಅಲ್ಲೇ ಹೊಸಕೋಟೆಯ ಆಸ್ಪತ್ರೆಯಲ್ಲಿ ಖಾಲಿ ಹೊಟ್ಟೆಯಲ್ಲಿ ಪರೀಕ್ಷೆ ಮಾಡಿಸಿ, ಜೋಮು ಹಿಡಿಯುವುದನ್ನು ಡಾಕ್ಟರಿಗೆ ಮರೆಯದೆ ಹೇಳಿ ಎಂದೆ. "ಯೋಳ್ತೀನಿ, ಯೋಳ್ತೀನಿ" ಎಂದು ಅವರು ಪಾಯಸಕ್ಕೆ ಎಲೆಯಲ್ಲಿ ಜಾಗ ಮಾಡಿಕೊಂಡರು.